ತಲೆಗೆ ನೀರು ಹೊಯ್ಯುತ್ತಿದ್ದ ಅತ್ತಿಗೆ

ಆ ಭಾನುವಾರವೂ ವಿಮಲತ್ತಿಗೆ ದಾಸವಾಳದ ಸೊಪ್ಪು ಕಿವುಚಿ, ಲೋಳೆ ಸೋಸಿಟ್ಟು, ಬಚ್ಚಲಲ್ಲಿ ನನಗಾಗಿ ಕಾದಿದ್ದರು. ನನಗೆ ಅಮ್ಮನ ನೆನಪಿಲ್ಲ. ಅಣ್ಣನನ್ನು ಮದುವೆಯಾಗಿ ಹಿರೇಕೊಡಿಗೆಯಿಂದ ಕೊಪ್ಪಕ್ಕೆ ಬಂದ ವಾರವೇ ಅತ್ತಿಗೆ ನನ್ನ ಸಿಕ್ಕುಗಟ್ಟಿದ ತಲೆಯನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ನಾನು ಮದುವೆಯಾಗಿ ನರಸಿಂಹರಾಜಪುರ ಸೇರಿದ ಮೇಲೂ ತಲೆಸ್ನಾನಕ್ಕೆಂದು ಬಸ್ಸು ಹತ್ತಿ ಬರುತ್ತಿದ್ದೆ. "ನಮ್ಮನೆ ನೀರಲ್ಲಿ ಎಂತ ವಿಷ ಇದ್ಯಾ?" ಎಂದು ಗಂಡ ಕೆಣಕುತ್ತಿದ್ದರು.

ಅತ್ತಿಗೆಯ ಬೆರಳಿಗೆ ಆತುರವಿರಲಿಲ್ಲ, ಬಾಯಿಗೆ ಬಿಡುವಿರಲಿಲ್ಲ. ಕಣ್ಣಿಗೆ ಲೋಳೆ ಇಳಿಯಿತೆಂದು ಕೂಗಿದರೆ ತಲೆಗೊಂದು ಮೊಟಕು.

"ಬಗ್ಗು ಮಾರಾಯ್ತಿ. ಹಾಕೋದು ಸುಲಭ, ತೊಳೆಯೋದೇ ಕೆಲ್ಸ. ಬುಡದಲ್ಲಿ ಒಂಚೂರು ಉಳಿದ್ರೂ ನಾಳೆ ತುರಿಸ್ಕೊಳ್ತಾ ಕೂರ್ತೀಯ."

ಅಂದು ಮಾತ್ರ ಅತ್ತಿಗೆಯೇ ಬಗ್ಗಲಾಗದೆ ಮಣೆಯ ಮೇಲೆ ಕೂತರು. ಕೈಕಾಲು ಸಣಕಲಾಗಿ, ಹೊಟ್ಟೆ ಮುಂದೆ ಬಂದಿತ್ತು.

"ಶೃಂಗೇರಿ ಮದುವೆ ಹೋಳಿಗೆ ಇನ್ನೂ ಕರಗಿಲ್ವಾ ಅತ್ತಿಗೆ?" ಎಂದೆ.

"ನೀನೊಬ್ಳು ಬಾಕಿ ಇದ್ದೆ. ಪಕ್ಕದ್ಮನೆ ಗಿರಿಜಮ್ಮ ಬಸುರಿಯಾ ಅಂತ ಕೇಳಿ ಆಯ್ತು, ಈ ಐವತ್ತನೇ ವರ್ಷಕ್ಕೆ!"

ಇಬ್ಬರೂ ನಕ್ಕೆವು. ನಗುತ್ತಲೇ ಏಳಲು ಹೋದವರು ಏದುಸಿರು ಬಿಡುತ್ತ ಗೋಡೆ ಹಿಡಿದರು. ಮರುದಿನ ಅಣ್ಣ ಸ್ಕ್ಯಾನ್ ಮಾಡಿಸಿದ.

ಅಲ್ಲಿಂದ ಮಂಗಳೂರಿಗೆ ಕಳಿಸಿದರು. ಅಪೆಂಡಿಕ್ಸಿನಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಎಂದರು ಅಲ್ಲಿನ ಡಾಕ್ಟರು.

"ಅಪೆಂಡಿಕ್ಸ್ ಅಂದ್ರೆ ಕುಯ್ದು ಬಿಸಾಡೋದಲ್ವಾ ಸಾರ್? ಇವಳಿಗೆ ನೋವೇ ಇರ್ಲಿಲ್ಲ," ಎಂದ ಅಣ್ಣ.

ಅಲ್ಲಿನ ಗಡ್ಡೆ ಒಡೆದು, ಅದರ ಕಣಗಳು ಹೊಟ್ಟೆಯೊಳಗೆಲ್ಲ ಅಂಟಿಕೊಂಡು ಲೋಳೆ ಸುರಿಸುತ್ತಿವೆ; ಎಲ್ಲವನ್ನೂ ತೆಗೆಯಲು ಸಾಧ್ಯವಾದರೆ ಆಮೇಲೆ ಬಿಸಿ ಔಷಧಿಯಿಂದ ಒಳಗನ್ನು ತೊಳೆಯುತ್ತೇವೆ ಎಂದು ಡಾಕ್ಟರು ವಿವರಿಸಿದರು. ಅಣ್ಣ ಮತ್ತೆ ಮೊದಲಿಂದ ಕೇಳಿದ. ಅತ್ತಿಗೆ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

"ಅಂದ್ರೆ ಒಳಗಡೆಗೆ ಅಭ್ಯಂಜನ. ಬುಡದ್ದು ಪೂರ್ತಿ ಹೋಗುತ್ತಾ ಡಾಕ್ಟ್ರೇ?"

"ಪ್ರಯತ್ನ ಮಾಡ್ತೀವಮ್ಮಾ."

ಆಪರೇಷನ್ನಿನಲ್ಲಿ ಸಣ್ಣ ಕರುಳಿನ ಉದ್ದಕ್ಕೂ ಅಂಟಿದ್ದನ್ನು ಬಿಡಿಸಲಾಗಲಿಲ್ಲ. ಇನ್ನು ಬಿಸಿ ಔಷಧಿಯಿಂದ ಪ್ರಯೋಜನವಿಲ್ಲವೆಂದು ಹೊಟ್ಟೆ ಹೊಲಿದರು. ಅತ್ತಿಗೆಗೆ ಎಚ್ಚರವಾದಾಗ ಅಣ್ಣ, "ಪೂರ್ತಿ ಹೋಯ್ತಂತೆ ಕಣೇ," ಎಂದು ಹೊರಗೆ ನಡೆದ. ಅತ್ತಿಗೆ ನನ್ನ ಕಡೆ ತಿರುಗಿದರು.

"ಕೂಸೇ, ನೀ ಹೇಳು. ಉಳೀತಾ?"

"ಕರುಳಿಗೆ ಅಂಟಿದ್ದು ಬಿಟ್ಟಿದಾರೆ ಅತ್ತಿಗೆ."

"ಹಂಗಾದ್ರೆ ಮತ್ತೆ ತುಂಬುತ್ತೆ," ಎಂದರು. ನಾನು ಅವರ ಹಾಸಿಗೆಗೆ ತಲೆಯಾನಿಸಿ ಅಳುತ್ತಿದ್ದೆ. ಕೂದಲಲ್ಲಿ ಬೆರಳಾಡಿತು. "ಎಷ್ಟು ದಿನ ಆಯ್ತೇ ತಲೆ ತೊಳೆದು? ವಾಸನೆ ಬರ್ತಿದೆ. ಊರಿಗೆ ಹೋಗಿ ಮೊದ್ಲು ಮೀಯಿ."

ಅದು ಮತ್ತೆ ತುಂಬಿತು. ಬೇಸಿಗೆ ಮುಗಿಯುವುದರೊಳಗೆ ಅತ್ತಿಗೆ ಹೋದರು.

ಈಗ ನರಸಿಂಹರಾಜಪುರದಲ್ಲಿ ನಾನೇ ಸೊಪ್ಪು ಕಿವುಚುತ್ತೇನೆ. ಲೋಳೆ ಚೆನ್ನಾಗಿಯೇ ಬರುತ್ತದೆ. ಎಷ್ಟು ನೀರು ಹೊಯ್ದುಕೊಂಡರೂ ಹಿಂದಲೆಯಲ್ಲಿ ಒಂದಿಷ್ಟು ಉಳಿದುಬಿಡುತ್ತದೆ. ಸೋಮವಾರ ತುರಿಸುತ್ತದೆ. ಅತ್ತಿಗೆ ಇಲ್ಲ.