ಏಕನಾಥಮ್ಮನ ಓಟು

ಚಿತ್ರದುರ್ಗದಲ್ಲಿ ಗೆದ್ದ ಪಕ್ಷಕ್ಕೇ ದೆಹಲಿಯ ಗದ್ದುಗೆ ಎಂದು ನಮ್ಮ ಸೀಮೆಯವರು ನಂಬಿದರೆ, ಯಲ್ಲದಕೆರೆಯ ಏಕನಾಥಮ್ಮ ಓಟು ಹಾಕಿದವರಿಗೇ ಚಿತ್ರದುರ್ಗ ಎಂದು ನಮ್ಮೂರು ನಂಬುತ್ತದೆ. ಹಾಗಾಗಿ ಚುನಾವಣೆ ಬಂತೆಂದರೆ ಎಲ್ಲ ಪಕ್ಷಗಳ ಜೀಪುಗಳೂ ಈ ಮುದುಕಿಯ ಕುರಿರೊಪ್ಪದ ಮುಂದೆ ಬಂದು ನಿಲ್ಲುತ್ತವೆ. "ಬರ್ರಿ, ಕುಂತ್ಕಳ್ರಿ" ಎಂದು ಆಕೆ ಎಲ್ಲರಿಗೂ ಒಂದೇ ಹದದ ಮಜ್ಜಿಗೆ ಕೊಟ್ಟು, ಎಲ್ಲರ ತಲೆಯ ಮೇಲೂ ಕೈಯಿಟ್ಟು, "ನಿಂಗೇ ಒಳ್ಳೇದಾಗ್ಲಪ್ಪ" ಎನ್ನುತ್ತಾಳೆ. ಗೆದ್ದವರು "ಅಜ್ಜಿ ಓಟು ನಮಗೇ ಬಿತ್ತು" ಎಂದು ಹಾರ ತರುತ್ತಾರೆ. ಸೋತವರು ಇನ್ನಷ್ಟು ಬೇಗ ಬರಬೇಕಿತ್ತೆಂದು ಪೇಚಾಡುತ್ತಾರೆ. ಮತದಾನದ ದಿನ ಕುರಿಗಳನ್ನು ಸೊಸೆಗೆ ಒಪ್ಪಿಸಿ, ಮದುವೆಗೆ ಹೊರಟವಳಂತೆ ಸೀರೆಯುಟ್ಟು, ಶಾಲೆಯ ಬಾಗಿಲು ತೆರೆಯುವ ಮೊದಲೇ ಸಾಲಿನ ಮುಂದೆ ನಿಂತಿರುತ್ತಾಳೆ. "ಯಾರಿಗೆ ಹಾಕ್ತೀಯ ಅಜ್ಜಿ?" ಎಂದು ಒಮ್ಮೆ ನಾನೇ ಕೇಳಿದೆ. "ಅದು ಬಿಡು" ಎಂದು ನಕ್ಕಳು. ಐವತ್ತೆರಡರ ಮೊದಲ ಚುನಾವಣೆಗೆ ಹೆಸರು ಬರೆದುಕೊಳ್ಳಲು ಬಂದವರಿಗೆ ಅವಳ ಮಾವ "ತಿಮ್ಮರಾಯಪ್ಪನ ಹೆಂಡ್ತಿ" ಎಂದಷ್ಟೇ ಹೇಳಿದ್ದನಂತೆ. ಹೆಸರಿಲ್ಲದವಳಿಗೆ ಓಟೂ ಇಲ್ಲವೆಂದಾಯಿತು. ಮುಂದಿನ ಸಲ ಆಕೆ ತಾನೇ ಅಂಗಳಕ್ಕೆ ಬಂದು, ಮಾವನ ಎದುರೇ ಹೆಸರು ಹೇಳಿ ಬರೆಸಿದಳು. "ತವರಾಗೆ ಕೂಸೇ ಅಂದ್ರು, ಇಲ್ಲಿಗೆ ಬಂದ್ಮೇಲೆ ಇವಳೇ ಅಂದ್ರು. ಆ ಸಲ ಓಟಿನ ದಿನ ಇಸ್ಕೂಲಾಗೆ ಆಫೀಸರು 'ಏಕನಾಥಮ್ಮ' ಅಂತ ಗಟ್ಟಿಯಾಗಿ ಕೂಗಿದ್ರು ನೋಡು, ಸಾಲಾಗಿದ್ದ ನಮ್ಮ ಮಾವನೂ ತಿರುಗಿ ನೋಡ್ದ. ಯಾರಾದ್ರೂ ಗೆಲ್ಲಲಿ ಕಣಪ್ಪ, ನಾನು ಹೋಗೋದು ಅದನ್ನ ಕೇಳಾಕೆ."