ರಿಪೇರಿಗೆ ಹ್ವಾದ ಕಹಳಿ

ಹಂತ್ಯಾಕ ಬರ್ರಿ, ಇದು ನಿಮ್ಮ ಹೊಟ್ಟ್ಯಾಗ ಇರಲಿ. ನಮ್ಮ ಬಾಜೂ ಮನಿ ಶಾಂತವ್ವನ ಗಂಡ ಊರ ಗುಡ್ಯಾಗ ಹಿತ್ತಾಳಿ ಕಹಳಿ ಊದತಿದ್ದ. ಅಂವ ಸತ್ತ ಮ್ಯಾಲ, ಊದವರಿಲ್ಲದ ಮನ್ಯಾಗ ಕಹಳಿ ಯಾಕ, ಮೈದುನಗ ಕೊಡು ಅಂತ ಹಿರ್ಯಾರು ಗಂಟು ಬಿದ್ದರು. ಸೀಳೇತಿ, ರಿಪೇರಿ ಮಾಡಿಸಿ ಕೊಡತೇನಿ ಅಂತ ಆಕಿ ಸಿಂದಗಿಗೆ ಹೊಂಟಳು. ಜೋಡಿಗೆ ನನ್ನ ಕರದಳು.

ಅಲ್ಲಿ ಬ್ಯಾಂಡಿನ ವಾದ್ಯ ರಿಪೇರಿ ಮಾಡೋ ಮುದುಕ ಸೀಳಿಗೆ ಬೆಸುಗಿ ಹಾಕಿ, ನೆಗ್ಗು ತಗದು, ಹುಣಸಿಹಣ್ಣು ಹಚ್ಚಿ ತಿಕ್ಕಿದ. "ಯಾರರೇ ಊದಿ ನೋಡ್ರಿ, ನನಗ ಮುಂದಿನ ಹಲ್ಲಿಲ್ಲ" ಅಂದ. ನಾ ಗಂಡಸರನ್ನ ಹುಡುಕಾಕ ಬೀದಿ ನೋಡಿದೆ. ಅಷ್ಟರಾಗ ಶಾಂತವ್ವ ಸೆರಗು ಬಿಗದು ತಾನ ಊದಿದಳು. ಬಜಾರದಾಗಿನ ಎಮ್ಮಿ ಸುದ್ದಾ ತಿರುಗಿ ನೋಡಿದವು. ಗಂಡ ಸತ್ತಾಕಿ, ಗುಡಿ ಕಹಳಿಗೆ ಬಾಯಿ ಹಚ್ಚೂದಂದ್ರ ಏನು?

ಬಸ್ಸಿನ್ಯಾಗ "ಯಾರಿಗೂ ಹೇಳಬ್ಯಾಡ್ರಿ ಅಕ್ಕಾ" ಅಂದಳು. ನಾ ಹೇಳಿದ್ದು ಬರೇ ನಾಕು ಮನಿಗೆ.

ಮರುದಿನ ಹಿರ್ಯಾರ ಹೆಂಡಂದಿರ ಆಕಿ ಕಟ್ಟಿಮ್ಯಾಲ ಕುಂತು, "ಒಮ್ಮಿ ಊದವ್ವಾ, ಕೇಳೂಣು" ಅಂದರು. ಊದವರಿಲ್ಲ ಅಂತಿದ್ದ ಹಿರ್ಯಾರ ಬಾಯಿ ಬಂದ್ ಆತು. ಕಹಳಿ ಆಕಿ ಮನ್ಯಾಗ ಉಳೀತು.

ನಾ ಏನೂ ಗೊತ್ತಿಲ್ಲದವರಂಗ ಚಾ ಕುಡಿಯಾಕ ಹ್ವಾದೆ. ಶಾಂತವ್ವ ಕಪ್ಪು ಕೈಯಾಗ ಕೊಟ್ಟು, ಮಾರಿಮ್ಯಾಲ ಅಂದಳು: "ನಾ ಊದತೇನಿ ಅಂತ ನಾನ ಹೇಳಿದ್ರ ಜಗಳ ಆಗತಿತ್ರಿ ಅಕ್ಕಾ. ಅದಕ್ಕ ನಿಮ್ಮನ್ನ ಕರಕೊಂಡ ಹೋಗಿದ್ದೆ."