ಮದ್ದು ಹಾಕಿದವಳು

ಮದ್ದು ಎಂಬ ಮಾತಿನ ಮೂಲವನ್ನು ನಾನು ಹುಡುಕಿದ್ದು ಸಿಟ್ಟಿನಿಂದ. ತಮಿಳಿನ ಮರುಂದು, ತೆಲುಗಿನ ಮಂದು, ನಮ್ಮ ಮದ್ದು ಎಲ್ಲವೂ ಒಂದೇ ಬಳಗ. ಮೊದಲ ಅರ್ಥ ಔಷಧ. ಒಲಿಸಿಕೊಳ್ಳಲು ಅನ್ನದಲ್ಲಿ ಬೆರೆಸುವುದೂ ಮುಂದೆ ಮದ್ದೇ ಆಯಿತು. ಸಂಸ್ಕೃತದಲ್ಲಿ ಅದು ಕಾರ್ಮಣ, ಕರ್ಮದಿಂದ ಬಂದದ್ದು. ನೆರೆಯ ಮರಾಠಿಯವರ ಕರಣಿಯೂ ‘ಮಾಡುವುದು’ ಎಂಬುದರಿಂದಲೇ ಹುಟ್ಟಿದೆ. ಮಾಡುವವರು ಯಾರು ಎಂದು ಯಾವ ನಿಘಂಟೂ ಹೇಳುವುದಿಲ್ಲ. ಇಚಲಕರಂಜಿಯ ನಮ್ಮ ಓಣಿಗೆ ಮಾತ್ರ ಗೊತ್ತಿತ್ತು: ಸೊಸೆ.

ಅಣ್ಣ ಪವರ್‌ಲೂಮ್ ಮೇಲೆ ದುಡಿಯುತ್ತಿದ್ದ. ನಮ್ಮ ಮನೆಯಲ್ಲಿ ಗಂಡಸರ ಊಟ ಮುಗಿದ ಮೇಲೆಯೇ ಹೆಂಗಸರದು. ಮದುವೆಯಾದ ಮೇಲೆ ಅಣ್ಣ ಹೆಂಡತಿಯನ್ನು, ಅಂದರೆ ನನ್ನ ವೈನಿಯನ್ನು, ಪಕ್ಕಕ್ಕೆ ಕೂರಿಸಿಕೊಂಡು ಒಂದೇ ತಾಟಿನಲ್ಲಿ ಉಣ್ಣತೊಡಗಿದ. ಅವ್ವನ ಕಣ್ಣು ಕೆಂಪಾದವು. ಕೆಲವು ವರ್ಷಗಳಲ್ಲಿ ಅವನಿಗೆ ಕೆಮ್ಮು ಹತ್ತಿತು, ಮೈ ಇಳಿಯಿತು.

“ಮದ್ದ ಹಾಕ್ಯಾಳ. ಒಳಗ ಕುಂತ ತಿನ್ನಾಕತ್ತೈತಿ,” ಎಂದು ಅವ್ವ ತೀರ್ಪು ಕೊಟ್ಟಳು.

ಗಡಹಿಂಗ್ಲಜದ ಆಚೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವ ಮುದುಕಿ ಇದ್ದಳು. ನಾವು ನಾಲ್ವರೂ ಬಸ್ಸು ಹತ್ತಿ ಹೋದೆವು. ಅವಳು ಅಣ್ಣನ ಖಾಲಿ ಹೊಟ್ಟೆಗೆ ಯಾವುದೋ ಸೊಪ್ಪಿನ ರಸ ಕುಡಿಸಿದಳು. ಕರುಳು ಕಿತ್ತು ಬರುವಂತೆ ಅವನು ವಾಂತಿ ಮಾಡಿದ. ಮುದುಕಿ ಕಡ್ಡಿಯಿಂದ ಕೆದಕಿ, ಕಫದಲ್ಲಿ ಸುತ್ತಿಕೊಂಡಿದ್ದ ಬೂದು ಬಣ್ಣದ ಉಂಡೆಯೊಂದನ್ನು ಎತ್ತಿ ಹಿಡಿದಳು.

“ನೋಡ್ರಿ, ಇದ ಮದ್ದ.”

ವೈನಿ ಬಗ್ಗಿ ನೋಡಿದಳು. “ಅತ್ತಿ, ಇದು ಹತ್ತಿ ಐತ್ರಿ. ಮಗ್ಗದಾಗ ಹಾರತೈತಲ್ಲ, ಅದ. ದಿನಾ ಅವರ ಅಂಗಿ ಒಗಿಯಾಕಿ ನಾ, ನನಗ ಗೊತ್ತಾಗೂದಿಲ್ಲೇನ್ರಿ?”

ಅವ್ವ ಅಣ್ಣನತ್ತ ತಿರುಗಿದಳು. “ಕೇಳಿದೇನಪಾ? ಹಾಕಿದಾಕಿಗೇ ಗೊತ್ತಿರತೈತಿ, ಏನ ಹಾಕೇನಂತ.”

ಹಗಲೆಲ್ಲ ಆ ಹತ್ತಿಯ ಧೂಳಿನಲ್ಲೇ ನಿಲ್ಲುತ್ತಿದ್ದವನು ಅಣ್ಣ. ರೆಪ್ಪೆಯ ಮೇಲೆ ಅದು ಕೂತಿರುತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಬಾಯಿ ಒರೆಸಿಕೊಂಡು ಸುಮ್ಮನೆ ಎದ್ದ. ಆ ಮೌನ ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಂದಿನಿಂದ ತಾಟು ಬೇರೆಯಾಯಿತು. ಅವನ ತಾಟಿನ ಮೊದಲ ತುತ್ತನ್ನು ವೈನಿ ತಿನ್ನಬೇಕು. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಆಮೇಲೆ ಅವನು ಉಣ್ಣುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು. ಮನೆಯಲ್ಲಿ ಯಾರಿಗೂ ಅದು ವಿಚಿತ್ರವೆನಿಸದಷ್ಟು.

ಕೆಮ್ಮು ಮಾತ್ರ ಹೋಗಲಿಲ್ಲ. ಕಡೆಗೆ ಕೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, ಹತ್ತಿಯ ಧೂಳು ಎದೆಗೆ ಇಳಿದಿದೆ, ಬಹಳ ತಡವಾಗಿ ಬಂದಿದ್ದೀರಿ ಎಂದು ಮರಾಠಿಯಲ್ಲಿ ಹೇಳಿದರು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮಧ್ಯಾಹ್ನ ವೈನಿ ಡಬ್ಬಿ ತಂದಳು. ರೊಟ್ಟಿಯ ಚೂರು ಮುರಿದು, ಪಲ್ಯ ಹಚ್ಚಿ, ತನ್ನ ಬಾಯಿಗೆ ಇಟ್ಟುಕೊಳ್ಳಹೋದಳು. ಅಣ್ಣ ಅವಳ ಕೈ ಹಿಡಿದ. “ಬ್ಯಾಡ. ಇನ್ನ ಬ್ಯಾಡ,” ಎಂದ. ಅವನ ಕಣ್ಣಲ್ಲಿ ನೀರಿತ್ತು.

ವೈನಿ ಕೈ ಬಿಡಿಸಿಕೊಂಡಳು. ತುತ್ತನ್ನು ನಿಧಾನವಾಗಿ ಅಗಿದು ನುಂಗಿ, ಅವನ ಮುಂದೆ ಬಾಯಿ ತೆರೆದು ತೋರಿಸಿದಳು.

“ಈಗ ಉಣ್ರಿ,” ಎಂದಳು.